ಬ್ರೆಜಿಲ್‌ಗೆ ಹೋಗುವ ಮುನ್ನ ಓದಬೇಕಾದ ಪುಸ್ತಕಗಳು

ಅರವತ್ತೊಂದನೆಯ ಪುಸ್ತಕ ಮನೆಗೆ ಬಂದ ದಿನ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಬೆಳಗಿನ ಹತ್ತು ಗಂಟೆ. ಅಂಚೆಯವನು ಬಾಗಿಲು ತಟ್ಟಿ, ಕಂದು ಕಾಗದ ಸುತ್ತಿದ ಕಟ್ಟನ್ನು ಕೈಗಿಟ್ಟು, "ಮತ್ತೆ ಬ್ರೆಜಿಲ್ಲಾ ಅಮ್ಮಾ?" ಅಂತ ಹಲ್ಲು ಕಿರಿದು ಹೋದ. ಅಂಚೆಯವನಿಗೂ ಗೊತ್ತು! ಬೀದಿಗೆಲ್ಲ ಗೊತ್ತು! ಎರಡನೇ ಮಹಡಿಯ ಗಂಡ ಹೆಂಡತಿ ಏಳು ವರ್ಷದಿಂದ ಬ್ರೆಜಿಲ್‌ಗೆ ಹೊರಟಿದ್ದಾರೆ, ಇನ್ನೂ ಮೆಟ್ಟಿಲಿಳಿದಿಲ್ಲ.

ಗಂಡ ಕಿಟಕಿ ಪಕ್ಕದ ಮೇಜಿನಲ್ಲಿ ಅರವತ್ತನೆಯದರ ಕೊನೆಯ ಅಧ್ಯಾಯದಲ್ಲಿದ್ದರು. ಬಲಗೈಯಲ್ಲಿ ಕೆಂಪು ಪೆನ್ನು, ಎಡಗೈಯ ಕೆಳಗೆ ಬಿಳಿ ಚೀಟಿಗಳ ಗುಡ್ಡೆ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ನೋಡಿದ ಮನುಷ್ಯ. ಅಲ್ಲಿನವರು ಇಟ್ಟ ಹೆಸರು ಕೆಂಪಿಂಕು, ಆ ಹೆಸರು ಮುದ್ರಣಾಲಯದಲ್ಲೇ ಉಳಿಯಲಿಲ್ಲ, ಮನೆವರೆಗೂ ಬಂತು. ಮದುವೆ ಕಾಗದ ಬಂದರೆ ತಿದ್ದುತ್ತಾರೆ, ಔಷಧದ ಡಬ್ಬಿ ಬಂದರೆ ತಿದ್ದುತ್ತಾರೆ. ಒಮ್ಮೆ ಅವಳ ಅಣ್ಣ ತೀರಿಕೊಂಡ ಸುದ್ದಿ ಬಂದ ಕಾಗದವನ್ನೂ ಓದಿ, ಕಣ್ಣೊರೆಸಿಕೊಂಡು, ತಾರೀಖು ತಿದ್ದಿದ್ದರು.

"ಬಂತಾ? ಕೊಡು ಕೊಡು," ಅಂದರು, ತಲೆಯೆತ್ತದೆ ಕೈ ಮಾತ್ರ ಚಾಚಿ. "ಇದು ನದಿ ದಂಡೆಯವರ ದಿನಬಳಕೆ ಬಗ್ಗೆ. ಇದೊಂದು ಇಲ್ಲದೆ ಮಿಕ್ಕಿದ್ದೆಲ್ಲ ಅರ್ಧಂಬರ್ಧ."

ಅವಳು ಕಟ್ಟನ್ನು ಕೊಡಲಿಲ್ಲ. ಎದೆಗವಚಿಕೊಂಡು ಅಲ್ಲೇ ನಿಂತಳು.

ಮೊದಲ ಪುಸ್ತಕ ತಂದುಕೊಟ್ಟವಳು ಅವಳೇ. ಅದು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು. ಅವಳ ತಮ್ಮ ಹಡಗಿನ ಇಂಜಿನ್ ರಿಪೇರಿ ಕೆಲಸಕ್ಕೆ ಅಂತ ಇಪ್ಪತ್ತೆಂಟು ವರ್ಷದ ಹಿಂದೆ ಹೋದವನು, ಬ್ರೆಜಿಲ್‌ನ ಒಂದು ದೊಡ್ಡ ನದಿಯ ದಂಡೆಯ ಊರಲ್ಲಿ ಇಳಿದ, ಅಲ್ಲೇ ಬೇರು ಬಿಟ್ಟ. ದೋಣಿಗಳ ಇಂಜಿನ್ ರಿಪೇರಿ ಅಂಗಡಿ ಹಾಕಿದ, ಅಲ್ಲಿನವಳನ್ನೇ ಮದುವೆಯಾದ, ಮೂರು ಮಕ್ಕಳಾದವು. ಕೊನೆಯ ಸಲ ಬಂದದ್ದು ಅಮ್ಮ ತೀರಿಕೊಂಡಾಗ, ಹತ್ತೊಂಬತ್ತು ವರ್ಷವಾಯಿತು. ಅಮ್ಮನ ಕೈಗೆ ಸಿಕ್ಕದೆ ಅಕ್ಕನ ಕೈಯಲ್ಲೇ ಬೆಳೆದ ಹುಡುಗ ಅವನು. ಮೂಗು ಒರೆಸಿದವಳು ಇವಳು, ಶಾಲೆಗೆ ದಬ್ಬಿದವಳು ಇವಳು. ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಒಂದೇ ಮಾತು: "ಅಕ್ಕಾ, ಯಾವಾಗ ಬರ್ತೀಯ?"

ಗಂಡ ನಿವೃತ್ತರಾದ ವರ್ಷ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದರು. ಇವರಿಗೆ ಹುಮ್ಮಸ್ಸು ಬರಲಿ ಅಂತ ಅವಳು ಪುಸ್ತಕದಂಗಡಿಗೆ ಹೋಗಿ, ಚಿತ್ರಗಳಿರುವ ಒಂದು ಪುಸ್ತಕ ತಂದಳು. ಕುಣಿತ, ಕಾಲ್ಚೆಂಡು, ಕಾಫಿ ತೋಟ, ಸಮುದ್ರದಂಡೆ. ಮಗುವಿಗೆ ತೋರಿಸುವಂಥ ಪುಸ್ತಕ. ಇವರು ಒಂದೇ ಪಟ್ಟಿಗೆ ಕೂತು ಓದಿ, ಕನ್ನಡಕ ತೆಗೆದು, "ಇದನ್ನ ನಂಬಿ ಹೋದ್ರೆ ನಾವು ಮೂರ್ಖರಾಗ್ತೀವಿ ಅಷ್ಟೇ. ಸರಿಯಾದ್ದು ನಾಲ್ಕು ಓದಿ ಹೋಗೋಣ," ಅಂದರು. ನಾಲ್ಕು! ಅವಳಿಗೆ ಖುಷಿಯೇ ಆಗಿತ್ತು. ನಾಲ್ಕು ಪುಸ್ತಕ ಎಷ್ಟು ದಿನ ಹಿಡಿದೀತು?

ಆದರೆ ಪ್ರೂಫ್ ನೋಡುವವರ ಕೆಲಸಕ್ಕೆ ಒಂದು ಕಟ್ಟುನಿಟ್ಟಿದೆ. ಓದುವಾಗ ಅನುಮಾನ ಬಂದರೆ ಒಂದು ಚೀಟಿ ಬರೆದು ಆ ಪುಟಕ್ಕೆ ಅಂಟಿಸಬೇಕು. ಉತ್ತರ ಸಿಕ್ಕಮೇಲೆ ಚೀಟಿ ತೆಗೆಯಬೇಕು. ಒಂದೇ ಒಂದು ಚೀಟಿ ಉಳಿದಿದ್ದರೂ ಆ ಪುಟ ಮುದ್ರಣಕ್ಕೆ ಹೋಗುವಂತಿಲ್ಲ. ಕೆಂಪಿಂಕು ನಲವತ್ತು ವರ್ಷ ಹೀಗೇ ಬದುಕಿದ್ದರು, ಈಗ ಬ್ರೆಜಿಲ್ ದೇಶಕ್ಕೇ ಚೀಟಿ ಅಂಟಿಸತೊಡಗಿದರು. ಒಂದು ಚೀಟಿ ತೆಗೆಯಲು ಒಂದು ಪುಸ್ತಕ ತರಿಸುತ್ತಿದ್ದರು, ಆ ಪುಸ್ತಕದಿಂದ ಹತ್ತು ಹೊಸ ಚೀಟಿ ಹುಟ್ಟುತ್ತಿದ್ದವು. ನೀವೇ ಹೇಳಿ, ಇದಕ್ಕೆ ಕೊನೆ ಅನ್ನೋದು ಉಂಟಾ?

ರಬ್ಬರ್ ತೋಟಗಳ ಚರಿತ್ರೆ ಬಂತು. ಗುಲಾಮರಾಗಿ ಬಂದವರ ಹಾಡು, ದೇವರು, ದೆವ್ವಗಳ ಬಗ್ಗೆ ಮೂರು ಬಂದವು. ಗುಡ್ಡದ ಮೇಲಿನ ಬಡವರ ಮನೆಗಳ ಬಗ್ಗೆ ಒಂದು, ಒಣ ಸೀಮೆಯ ದನಗಾಹಿಗಳ ಬಗ್ಗೆ ಒಂದು, ಜಪಾನಿನಿಂದ ಹೋಗಿ ನೆಲೆಸಿದವರ ಬಗ್ಗೆ ಎರಡು. ಕಥೆ, ಕಾದಂಬರಿ, ಅಡುಗೆ, ವ್ಯಾಕರಣ. ಬಟ್ಟೆ ಕಪಾಟಿನಿಂದ ಅವಳ ಸೀರೆಗಳು ಮಂಚದ ಕೆಳಗಿನ ಪೆಟ್ಟಿಗೆಗೆ ಇಳಿದವು, ಕಪಾಟು ಬ್ರೆಜಿಲ್ ಪಾಲಾಯಿತು.

ಮುತ್ತಿನ ವಿಷಯ ಬಂದಾಗಂತೂ ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು. ಅಲ್ಲಿನವರು ಪರಿಚಯವಾದಾಗ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುತ್ತಾರಂತೆ. ಒಂದು ಪುಸ್ತಕ ಒಂದು ಮುತ್ತು ಅಂತು, ಇನ್ನೊಂದು ಎರಡು ಅಂತು, ಮೂರನೆಯದು ಮೂರು ಅಂತು. "ನಿನ್ನ ತಮ್ಮನ ಹೆಂಡತಿ ಎದುರು ನಿಂತಾಗ ನಾನು ಎಷ್ಟಕ್ಕೆ ನಿಲ್ಲಿಸಬೇಕು?" ಅಂತ ಈ ಅರವತ್ತಾರರ ಮನುಷ್ಯ ಆರು ತಿಂಗಳು ತಲೆ ಕೆಡಿಸಿಕೊಂಡರು. ಭಾನುವಾರ ಅವಳು ತಮ್ಮನನ್ನೇ ಕೇಳಿದಳು. ಅವನು ಬಿದ್ದು ಬಿದ್ದು ನಕ್ಕ. "ಭಾವ ಬಂದು ಬಾಗಿಲಲ್ಲಿ ನಿಂತ್ರೆ ಸಾಕು ಅಕ್ಕಾ, ಮಿಕ್ಕಿದ್ದು ಅವಳೇ ನೋಡ್ಕೋತಾಳೆ," ಅಂದ. ಅವಳು ಹಾಗೇ ಹೇಳಿದಳು. ಕೆಂಪಿಂಕು ತಲೆಯಾಡಿಸಿದರು.

"ಅವನು ಒಬ್ಬನ ಮಾತು ಕಣೇ. ಅದೂ ಬಾಯಿಮಾತು. ಆಧಾರ ಅಂತ ಹೇಗೆ ತಗೊಳ್ಳೋದು?"

"ಅವನು ಅಲ್ಲಿ ಇಷ್ಟು ವರ್ಷದಿಂದ ಸಂಸಾರ ಮಾಡ್ತಿದ್ದಾನೆ ರೀ!"

"ಅದೇ. ಅಭ್ಯಾಸ ಆಗ್ಬಿಟ್ಟಿರುತ್ತೆ. ಗಮನಿಸಿರಲ್ಲ."

ಗೋಡೆಗೆ ಹೇಳಿದರೂ ಒಂದಿಷ್ಟು ಸುಣ್ಣ ಉದುರೀತು. ಇವರಿಗೆ ಹೇಳಿ ಏನೂ ಉದುರಲಿಲ್ಲ.

ಇದೆಲ್ಲ ಅವಳು ಸಹಿಸಿಕೊಂಡೇ ಇದ್ದಳು. ಬೈಯುತ್ತ, ನಗುತ್ತ, ಮುಖ ಊದಿಸಿಕೊಂಡು, ಮತ್ತೆ ಕಾಫಿ ಮಾಡಿಕೊಡುತ್ತ. ಸಹಿಸಲಾಗದ ಕಾರಣ ಬೇರೆ ಇತ್ತು, ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ.

ಅವಳದು ಕಾಜಾ ಹೊಲಿಯುವ ಕೆಲಸ. ಶಾಲೆ ಮಕ್ಕಳ ಅಂಗಿ ಹೊಲಿಯುವ ಅಂಗಡಿಯವರು ಮೂಟೆ ಕಟ್ಟಿ ಕಳಿಸುತ್ತಾರೆ, ಇವಳು ಗುಂಡಿಯ ತೂತಿನ ಸುತ್ತ ಕೈಯಲ್ಲಿ ದಾರ ಹಾಕಿ ಕೊಡುತ್ತಾಳೆ. ಒಂದು ಅಂಗಿಗೆ ಆರು. ಹೋದ ವರ್ಷದಿಂದ ಮೇಜಿನ ಎಡಗಡೆ ಇಟ್ಟ ಕತ್ತರಿ ಮಾಯವಾಗತೊಡಗಿತು. ಅಲ್ಲೇ ಇರುತ್ತಿತ್ತು, ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯತೊಡಗಿತು. ವಯಸ್ಸಾಯಿತು ಅಂದುಕೊಂಡಳು. ಬೀದಿಯಲ್ಲಿ ಸೈಕಲ್ಲೊಂದು ಪಕ್ಕದಿಂದ ಬಂದು ಗುದ್ದಿದ ಮೇಲೆ ಒಬ್ಬಳೇ ಕಣ್ಣಿನ ಡಾಕ್ಟರ ಹತ್ತಿರ ಹೋದಳು.

ಅಲ್ಲಿ ಅವಳನ್ನು ಬಟ್ಟಲಿನಂಥ ಒಂದು ಯಂತ್ರದೊಳಗೆ ಗದ್ದ ಇಟ್ಟು ಕೂರಿಸಿದರು. ಚುಕ್ಕೆ ಬೆಳಕು ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದಳು, ಒತ್ತಿದಳು, ಆಮೇಲೆ ತುಂಬ ಹೊತ್ತು ಒಂದೂ ಬರಲಿಲ್ಲ. "ಯಂತ್ರ ನಿಂತಿದೆ ಅಂತ ಕಾಣ್ಸುತ್ತೆ," ಅಂದಳು. ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ, "ಇಲ್ಲಮ್ಮ, ನಡೀತಾ ಇದೆ," ಅಂದಳು.

ಡಾಕ್ಟರಮ್ಮ ಕಾಗದ ತೋರಿಸಿದರು. ಸುತ್ತ ಕಪ್ಪು, ನಡುವೆ ಮಾತ್ರ ಬಿಳಿ. ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ. ಹನಿ ಹಾಕಿದರೆ ನಿಧಾನವಾಗುತ್ತೆ, ಹೋದದ್ದು ವಾಪಸ್ ಬರೋಲ್ಲ, ನಿಮ್ಮದು ತುಂಬ ದೂರ ಬಂದುಬಿಟ್ಟಿದೆ ಅಂದರು. ಎಷ್ಟು ದಿನ ಅಂತ ಕೇಳಿದ್ದಕ್ಕೆ, "ಖಂಡಿತ ಹೇಳೋಕಾಗಲ್ಲಮ್ಮ. ನೋಡಬೇಕು ಅಂತ ಏನಾದ್ರೂ ಇದ್ರೆ ಮುಂದಕ್ಕೆ ಹಾಕಬೇಡಿ," ಅಂದರು.

ನೋಡಬೇಕು ಅಂತ ಇದ್ದದ್ದು ಒಂದೇ. ತಮ್ಮನ ಮುಖ. ಫೋನಿನ ಅಂಗೈಯಗಲದ ಗಾಜಿನೊಳಗಿನ ಮುಖವಲ್ಲ, ಎದುರು ಕೂತು, ಹಣೆಯಿಂದ ಗದ್ದದವರೆಗೆ, ತನ್ನ ಕೈಯಾರೆ ಸಾಕಿದ ಆ ಹುಡುಗ ಹೇಗೆ ಮುದುಕನಾಗಿದ್ದಾನೆ ಅಂತ. ಅವನ ಅಂಗಡಿ, ಅವನ ನದಿ, ಅವನ ಮಕ್ಕಳು. ಕಣ್ಣು ಪೂರ್ತಿ ಹೋಗುವ ಮೊದಲು ಅದಿಷ್ಟು.

ಗಂಡನಿಗೆ ಯಾಕೆ ಹೇಳಲಿಲ್ಲ ಅಂದರೆ, ಅವಳಿಗೆ ಅವರು ಗೊತ್ತು. ಹಿಂದೊಮ್ಮೆ ಅವಳಿಗೆ ಹಲ್ಲುನೋವು ಬಂದಿತ್ತು. ಇವರು ಹಲ್ಲಿನ ಬಗ್ಗೆ ಪುಸ್ತಕ ತಂದರು. ಇವರು ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಹಲ್ಲು ಬಿದ್ದೇಹೋಯಿತು. ಕಣ್ಣಿನ ಸಂಗತಿ ಹೇಳಿದರೆ ಬ್ರೆಜಿಲ್ ಪಕ್ಕದಲ್ಲಿ ಇನ್ನೊಂದು ಕಪಾಟು ಬರುತ್ತೆ ಅಷ್ಟೇ ಅಂದುಕೊಂಡು ಬಾಯಿ ಬಿಡಲಿಲ್ಲ. ಹನಿಯ ಸೀಸೆಯನ್ನು ದಾರದುಂಡೆಗಳ ನಡುವೆ ಇಟ್ಟುಕೊಂಡಳು. ಬೇಗ ಹೋಗೋಣ, ಬೇಗ ಹೋಗೋಣ ಅಂತ ಮಾತ್ರ ಗಂಟುಬಿದ್ದಳು. ಹತ್ತು ತಿಂಗಳು ಹೀಗೇ ಹೋಯಿತು.

ಈಗ ಅರವತ್ತೊಂದನೆಯದನ್ನು ಅವಚಿಕೊಂಡು ನಿಂತಾಗ ಅವಳ ತಾಳ್ಮೆ ತಪ್ಪಿತು.

"ಇದು ಮುಗಿದ್ಮೇಲೆ ಹೋಗೋದು ತಾನೇ?"

"ಇದು ಮುಗೀಲಿ. ಆಮೇಲೆ ಇನ್ನೆರಡು ಇವೆ, ಹೇಳಿಟ್ಟಿದ್ದೀನಿ. ಚಳಿಗಾಲ ಕಳೀಲಿ."

"ಚಳಿಗಾಲ ಕಳೀಲಿ, ಬೇಸಿಗೆ ಕಳೀಲಿ! ಅಲ್ಲಾ ರೀ, ಏಳು ವರ್ಷದಿಂದ ನಿಮಗೆ ನಾಚಿಕೆ ಅನ್ನೋದೇ ಆಗಲ್ವಾ?"

"ಕೂಗಾಡ್ಬೇಡ ಕಣೇ. ತಿಳ್ಕೊಂಡು ಹೋಗೋದರಲ್ಲಿ ತಪ್ಪೇನಿದೆ? ಬ್ರೆಜಿಲ್ ಎಲ್ಲಿಗೂ ಓಡಿ ಹೋಗಲ್ಲ."

"ಬ್ರೆಜಿಲ್ ಹೋಗಲ್ಲ! ನನ್ನ ಕಣ್ಣು ಹೋಗ್ತಿದೆ!"

ಅವರ ಕೆಂಪು ಪೆನ್ನು ನಿಂತಿತು. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕತ್ತರಿ, ಸೈಕಲ್ಲು, ಬಟ್ಟಲಿನ ಯಂತ್ರ, ಕಪ್ಪು ಕಾಗದ. ಹೇಳುತ್ತ ಹೇಳುತ್ತ ದನಿ ಒಡೆಯಿತು. ಪುಸ್ತಕದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದಳು, ಚೀಟಿಗಳು ಹಾರಿ ನೆಲದ ತುಂಬ ಬಿದ್ದವು. ಅವರು ಚೀಟಿ ಹೆಕ್ಕಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತರು.

"ಹತ್ತು ತಿಂಗಳಿಂದ ಯಾಕೆ ಹೇಳಲಿಲ್ಲ?" ಅಂದರು ಕೊನೆಗೆ.

"ಹೇಳಿದ್ರೆ ಏನು ಮಾಡ್ತಿದ್ರಿ?"

ಸಂಜೆ ಅವರೇ ಅವಳ ಕಣ್ಣಿಗೆ ಹನಿ ಹಾಕಿದರು, ಒಂದು ಹನಿ ಕೆನ್ನೆಗೆ ಬಿತ್ತು, ತಮ್ಮ ಕರವಸ್ತ್ರದಲ್ಲಿ ಒರೆಸಿದರು.

ಮಾರನೆ ಬೆಳಿಗ್ಗೆ ಅವರು ಎಂಟಕ್ಕೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, "ಸ್ವಲ್ಪ ಹೊರಗೆ ಹೋಗಿ ಬರ್ತೀನಿ. ಕೆಲಸ ಇದೆ," ಅಂದು ಹೊರಟರು. ಅವಳಿಗೆ ಗೊತ್ತಾಯಿತು! ಟಿಕೆಟ್ ಮಾಡಿಸುವ ಪ್ರಯಾಣದ ಕಚೇರಿ ಇದ್ದದ್ದು ಬಸ್ಸಿನ ಮೂರನೇ ನಿಲ್ದಾಣದಲ್ಲಿ. ಅವಳು ಕಾಜಾ ಮೂಟೆ ಬದಿಗೆ ತಳ್ಳಿದಳು. ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು, ಧೂಳು ಒರೆಸಿದಳು, ಮಂಚದ ಕೆಳಗಿನ ಸೀರೆಗಳನ್ನು ತೆಗೆದು ಬಿಸಿಲಿಗೆ ಹರವಿದಳು. ತಮ್ಮನಿಗೆ ಅಂತ ಹೊಲಿದಿಟ್ಟ ಅಂಗಿ ಎರಡು ಇದ್ದವು, ಮಡಿಸಿ ಎಲ್ಲಕ್ಕಿಂತ ಕೆಳಗಿಟ್ಟಳು. ಇಷ್ಟು ದಿನ ಮನುಷ್ಯನನ್ನು ತಪ್ಪು ತಿಳಿದೆನಲ್ಲ, ಹೇಳಿದ್ದರೆ ಅವತ್ತೇ ಹೊರಡುತ್ತಿದ್ದರಲ್ಲ ಅಂತ ತನ್ನನ್ನೇ ಬೈದುಕೊಂಡಳು. ಹನ್ನೆರಡಾಯಿತು. ಒಂದಾಯಿತು. ಅಡುಗೆ ಆರಿತು.

ಒಂದೂವರೆಗೆ ಅವರು ಬಂದರು. ಹಣೆ ತುಂಬ ಬೆವರು. ಕಂಕುಳಲ್ಲಿ ಕಂದು ಕಾಗದದ ಕಟ್ಟು.

"ಮೂರು ಸಿಕ್ಕಿದ್ವು," ಅಂದರು, ಏದುಸಿರು ಬಿಡುತ್ತ. "ಮೂರೂ ಕಣ್ಣಿನ ಬಗ್ಗೆಯೇ. ಬಸ್ಸಿನಲ್ಲೇ ಸ್ವಲ್ಪ ಓದಿದೆ. ಆ ಡಾಕ್ಟರು ಹೇಳಿದ್ದು ಪೂರ್ತಿ ಸರಿ ಇಲ್ಲ ಅನ್ನಿಸುತ್ತೆ ಕಣೇ. ಇಲ್ಲಿ ಬೇರೆ ಥರ ಬರ್ದಿದ್ದಾರೆ. ನೀನು ಹೆದರಬೇಡ, ನಾನು ಪೂರ್ತಿ ನೋಡ್ತೀನಿ."

ಅವಳು ತೆರೆದ ಸೂಟ್‌ಕೇಸ್ ಮುಂದೆ ನೆಲದ ಮೇಲೆ ಕೂತಿದ್ದಳು. ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಯಾವುದು ಯಾವುದು ಅಂತ ಅವಳಿಗೇ ತಿಳಿಯಲಿಲ್ಲ. ಈ ಮನುಷ್ಯನಿಗೆ ತನ್ನ ಮೇಲೆ ಪ್ರೀತಿ ಇಲ್ಲ ಅಂತಿದ್ದರೆ ಎಷ್ಟೋ ಸುಲಭವಿತ್ತು. ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತಿ ತಂದಿದ್ದಾರೆ, ಊಟ ಮಾಡಿಲ್ಲ. ಹೊಟ್ಟೆ ಉರಿಯುವುದು ಇದಕ್ಕೇ.

ಎದ್ದು ಮುಖ ತೊಳೆದಳು. ಅವರಿಗೆ ತಟ್ಟೆ ಹಾಕಿ ಬಡಿಸಿದಳು. ಪಾಸ್‌ಪೋರ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಮೂರನೇ ನಿಲ್ದಾಣಕ್ಕೆ."

ಪ್ರಯಾಣದ ಕಚೇರಿಯ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಎಷ್ಟು ಜನ?" ಅಂತ ಕೇಳಿದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಪಕ್ಕದೂರಿಗೂ ಒಬ್ಬಳೇ ಹೋದವಳಲ್ಲ.

"ಒಬ್ಬಳೇ," ಅಂದಳು.

ಹೊರಡುವ ದಿನಕ್ಕೆ ವೀಸಾ ಎಲ್ಲ ಸೇರಿ ಐದು ವಾರವಿತ್ತು. ಐದು ವಾರವೂ ಅವಳು ಕಾದಳು, ನಾನೂ ಬರುತ್ತೇನೆ ಅನ್ನುವ ಒಂದು ಮಾತಿಗೆ. ಕೆಂಪಿಂಕು ಓದುತ್ತಲೇ ಇದ್ದರು, ಈಗ ಎರಡು ವಿಷಯ, ಬೆಳಿಗ್ಗೆ ಕಣ್ಣು, ಮಧ್ಯಾಹ್ನ ಬ್ರೆಜಿಲ್. ನಡುನಡುವೆ ಎದ್ದು ಬಂದು, ಅವಳು ಸೂಟ್‌ಕೇಸಿಗೆ ಹಾಕಿದ್ದನ್ನೆಲ್ಲ ತೆಗೆದು, ಇನ್ನೂ ಒಪ್ಪವಾಗಿ ಮಡಿಸಿ ಹಾಕುತ್ತಿದ್ದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಅವರು ಬಟ್ಟೆಗಳ ನಡುವೆ ತುರುಕಿದ್ದ ಮೂರು ಪುಸ್ತಕ ಅವಳ ಕೈಗೆ ಸಿಕ್ಕವು. ತೆಗೆದು ಅವರ ಮುಂದೆ ಇಟ್ಟಳು.

"ದಾರಿಯಲ್ಲಿ ಬೇಕಾಗಬಹುದು ಅಂತ," ಅಂದರು.

"ನೀವು ಬೇಕಾಗಿತ್ತು."

ಅವರು ಪುಸ್ತಕದ ರಟ್ಟನ್ನು ಸವರುತ್ತ ಕೂತರು. "ನನಗೆ ಭಯ ಕಣೇ," ಅಂದರು. "ನಲವತ್ತು ವರ್ಷ ಒಂದು ತಪ್ಪು ಹೊರಗೆ ಹೋಗೋಕೆ ಬಿಟ್ಟವನಲ್ಲ ನಾನು. ಅಲ್ಲಿ ಇಳಿದ್ರೆ ಮಾತು ಬರಲ್ಲ, ಹೇಗೆ ಕೂರಬೇಕು, ಏನು ತಿನ್ನಬೇಕು, ಒಂದೂ ಗೊತ್ತಿಲ್ಲ. ಅಲ್ಲಿ ನಾನೇ ಒಂದು ತಪ್ಪು. ಎಲ್ಲರೂ ನೋಡ್ತಾರೆ."

ಏಳು ವರ್ಷದಲ್ಲಿ ಅವರು ಆಡಿದ ಮೊದಲ ನಿಜವಾದ ಮಾತು. ಅವಳ ಮನಸ್ಸು ಕರಗಿತು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. "ನಾನೂ ತಪ್ಪೇ ರೀ ಅಲ್ಲಿ. ಇಬ್ಬರೂ ತಪ್ಪಾಗೋಣ. ನಗ್ತಾರೆ, ನಗಲಿ. ಈಗ್ಲೂ ಬನ್ನಿ, ಆ ಹುಡುಗಿ ವೀಸಾ ಮಾಡಿಸಿ ಕೊಡ್ತಾಳೆ. ಒಂದು ತಿಂಗಳು ಬಿಟ್ಟಾದ್ರೂ ಬನ್ನಿ."

"ಬರ್ತೀನಿ," ಅಂದರು. ಅವಳಿಗೆ ಜೀವ ಬಂದಂತಾಯಿತು. "ಇನ್ನೆರಡು ಪುಸ್ತಕ ಮುಗಿಸ್ಕೊಂಡು ಬರ್ತೀನಿ."

ಅವಳು ಕೈ ಬಿಟ್ಟಳು.

ಎರಡು ವಿಮಾನ ಬದಲಿಸಿ, ಅವರಿವರನ್ನು ಕೇಳುತ್ತ, ಕೈಸನ್ನೆ ಮಾಡುತ್ತ, ದಾರಿಯುದ್ದಕ್ಕೂ ಹತ್ತಾರು ತಪ್ಪು ಮಾಡುತ್ತ ಅವಳು ತಲುಪಿದಳು. ಯಾರೂ ನಗಲಿಲ್ಲ. ಒಬ್ಬಾಕೆ ಅವಳ ಚೀಲ ಎತ್ತಿಕೊಟ್ಟಳು, ಒಬ್ಬ ಮುದುಕ ಕೈಹಿಡಿದು ಸರಿಯಾದ ಸಾಲಿಗೆ ತಂದು ನಿಲ್ಲಿಸಿದ. ಹೊರಗೆ ಬಂದಾಗ ಎಡಗಡೆಯಿಂದ "ಅಕ್ಕಾ" ಅನ್ನುವ ದನಿ ಕೇಳಿತು. ಎಡಗಡೆ ಅವಳಿಗೆ ಏನೂ ಕಾಣುವುದಿಲ್ಲ. ಪೂರ್ತಿ ತಿರುಗಿದಳು. ತಮ್ಮನ ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು, ಗಡ್ಡ ಬೆಳ್ಳಗಾಗಿತ್ತು. ಎರಡೂ ಕೈಯಲ್ಲಿ ಆ ಮುಖ ಹಿಡಿದುಕೊಂಡು, ಅಷ್ಟಷ್ಟೇ, ಅಷ್ಟಷ್ಟೇ, ಹಣೆ ಮೊದಲು, ಆಮೇಲೆ ಕಣ್ಣು, ಆಮೇಲೆ ಮೂಗು, ಬಾಯಿ, ಗದ್ದ, ಹೀಗೆ ಪೂರ್ತಿ ನೋಡಿದಳು. ತಮ್ಮನ ಹೆಂಡತಿ ಮಕ್ಕಳನ್ನು ಹಿಡಿದು ನಿಲ್ಲಿಸಿ, ಅವಳ ನೋಟ ಮುಗಿಯುವವರೆಗೆ ಕಾದಳು.

ಮೂರನೆಯ ದಿನ ಬೆಳಿಗ್ಗೆ ತಮ್ಮ ಅವಳನ್ನು ಅಂಗಡಿಯ ಹಿಂದೆ, ನದಿಗೆ ಚಾಚಿಕೊಂಡ ಮರದ ಜಗುಲಿಯ ಮೇಲೆ ಕೂರಿಸಿದ. ಆ ಅಗಾಧ ನೀರು ಅವಳಿಗೆ ಒಂದೇ ಸಲಕ್ಕೆ ಸಿಗುವಂತಿರಲಿಲ್ಲ. ಕತ್ತು ತಿರುಗಿಸಿ ತುಂಡು ತುಂಡಾಗಿ ನೋಡಬೇಕಿತ್ತು. ದಡಕ್ಕೆ ಬಂದು ನಿಂತ ದೋಣಿಯೊಂದರ ತುಂಬ ಸಾಲು ಸಾಲು ಬಟ್ಟೆಯ ಜೋಲಿಗಳು, ಒಂದು ಹಳದಿ, ಒಂದು ನೀಲಿ, ಒಂದರಲ್ಲಿ ನಿದ್ದೆ ಮಾಡುವ ಮಗು. ಅವಳು ಅದರಲ್ಲೇ ಮುಳುಗಿಹೋಗಿದ್ದಳು. ಅಷ್ಟರಲ್ಲಿ ತಮ್ಮ ಫೋನ್ ಹಿಡಿದು ಬಂದು ಅವಳ ಕೈಗಿಟ್ಟ. "ಭಾವ," ಅಂದ.

"ಎಲ್ಲಿದ್ದೀಯೇ?"

"ನದಿ ಮುಂದೆ."

ಆ ಕಡೆ ಕುರ್ಚಿ ಎಳೆದ ಸದ್ದು, ಪೆನ್ನಿನ ಮುಚ್ಚಳ ತೆಗೆದ ಸದ್ದು. "ಏನು ಕಾಣ್ತಿದೆ ಹೇಳು. ನಿಧಾನವಾಗಿ ಹೇಳು, ಬರ್ಕೋತೀನಿ."

ಅವಳು ಬಾಯಿ ತೆರೆದಳು. ಹಳದಿ ಜೋಲಿ ಅನ್ನಬೇಕು ಅಂದುಕೊಂಡಳು. ಆಗ ದೋಣಿ ಕದಲಿತು.

"ಹೇಳಲ್ಲ ರೀ," ಅಂದಳು.

"ಯಾಕೆ?"

"ನಿಮಗೆ ಹೇಳ್ತಾ ಕೂತ್ರೆ ನಾನು ನೋಡೋದು ಯಾವಾಗ? ಇನ್ನು ಉಳಿದಿರೋದೇ ಇಷ್ಟು. ಇದೆಲ್ಲಾ ನನಗೇ ಬೇಕು."

ಆ ಕಡೆ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಆಮೇಲೆ, "ನಾನೂ ಬರಬೇಕಿತ್ತು ಕಣೇ," ಅಂದರು. ಅಳುತ್ತಿದ್ದರು ಅಂತ ಕಾಣುತ್ತದೆ.

"ಹೌದು," ಅಂದಳು ಅವಳು. "ಬರಬೇಕಿತ್ತು."

ಫೋನನ್ನು ತಮ್ಮನ ಕೈಗೆ ಕೊಟ್ಟು, ದೋಣಿ ಹೋದ ಕಡೆಗೆ ಕತ್ತು ತಿರುಗಿಸಿದಳು.